ಸ್ಮಿತ್ ಅಂಡ್ ವೆಸನ್ 642: ಮೂರು ವರ್ಷ ಜೇಬಿನಲ್ಲಿಟ್ಟುಕೊಂಡ ಮೇಲೆ

ಸ್ಮಿತ್ ಅಂಡ್ ವೆಸನ್ ಕಂಪನಿಯ 642 ಎಂಬ ಐದು ಗುಂಡಿನ ಪುಟ್ಟ ರಿವಾಲ್ವರನ್ನು ನಾನು ಕೊಂಡು ಮೂರು ವರ್ಷ ತುಂಬಿತು. ಹ್ಯೂಸ್ಟನ್ ನಗರದ ಹೊರವಲಯದಲ್ಲಿ ನಮ್ಮದೊಂದು ಗ್ಯಾಸ್ ಸ್ಟೇಷನ್ನೂ ಅದಕ್ಕೆ ಅಂಟಿಕೊಂಡ ಅಂಗಡಿಯೂ ಇದೆ. ವಾರದಲ್ಲಿ ನಾಲ್ಕು ರಾತ್ರಿ ಅದನ್ನು ಮುಚ್ಚುವವಳು ನಾನು. ಹನ್ನೊಂದು ಗಂಟೆಗೆ ದೀಪ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಆ ದಿನದ ವ್ಯಾಪಾರದ ಹಣದ ಚೀಲ ಹಿಡಿದು ಕಾರಿನವರೆಗೆ ನಡೆಯುವ ನಲವತ್ತು ಹೆಜ್ಜೆಗಳ ಸಲುವಾಗಿಯೇ ನಾನು ಇದನ್ನು ಕೊಂಡದ್ದು. ಈ ಮೂರು ವರ್ಷಗಳಲ್ಲಿ ಶೂಟಿಂಗ್ ರೇಂಜಿನ ಹೊರಗೆ ಅದನ್ನು ಜೇಬಿನಿಂದ ತೆಗೆಯುವ ಪ್ರಸಂಗ ಒಮ್ಮೆಯೂ ಬಂದಿಲ್ಲ, ಮುಂದೆಯೂ ಬಾರದಿರಲಿ. ಆದರೆ ರೇಂಜಿನಲ್ಲಿ ಇದುವರೆಗೆ ಸುಮಾರು ಎರಡು ಸಾವಿರ ಗುಂಡು ಹಾರಿಸಿದ್ದೇನೆ. ಇಲ್ಲಿ ಬರೆಯುತ್ತಿರುವುದೆಲ್ಲ ಆ ಅನುಭವದಿಂದ ಬಂದದ್ದು.

ಅಮೆರಿಕದಲ್ಲಿರುವ ನಮ್ಮವರು ಬಂದೂಕಿನ ಅಂಗಡಿಗೆ ಕಾಲಿಡುವ ಮೊದಲೇ ತಿಳಿದಿರಬೇಕಾದ ಮಾತೊಂದಿದೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದ ಮೇಲೆ ಇರುವವರು ಬಂದೂಕು ಕೊಳ್ಳುವುದನ್ನೂ ಇಟ್ಟುಕೊಳ್ಳುವುದನ್ನೂ ಇಲ್ಲಿನ ಫೆಡರಲ್ ಕಾನೂನು ನಿಷೇಧಿಸುತ್ತದೆ. ಬೇಟೆಯ ಪರವಾನಗಿ ಉಳ್ಳವರಿಗೆ ಇರುವಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಬಂದವರು ಕೊಳ್ಳಬಹುದು. ಡೀಲರಿನಿಂದ ಕೈಬಂದೂಕು ಕೊಳ್ಳಲು ಇಪ್ಪತ್ತೊಂದು ವರ್ಷ ತುಂಬಿರಬೇಕು, 4473 ಎಂಬ ಫಾರಂ ತುಂಬಬೇಕು, ಹಿನ್ನೆಲೆ ತಪಾಸಣೆಯಲ್ಲಿ ಪಾಸಾಗಬೇಕು. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಕಾನೂನಿನ ಅಡ್ಡಿಯಿಲ್ಲದ ವಯಸ್ಕರು ಲೈಸೆನ್ಸ್ ಇಲ್ಲದೆಯೂ ಕೈಬಂದೂಕನ್ನು ಮರೆಯಾಗಿ ಒಯ್ಯಬಹುದು. ಹಾಗಿದ್ದರೂ ನಾನು ತರಗತಿಗೆ ಹೋಗಿ, ಪರೀಕ್ಷೆ ಬರೆದು ಲೈಸೆನ್ಸ್ ಪಡೆದೆ. ಎಲ್ಲಿ ಒಯ್ಯಬಾರದು, ಯಾವ ಫಲಕ ಕಂಡರೆ ಹೊರಗೇ ನಿಲ್ಲಬೇಕು, ಪ್ರಾಣರಕ್ಷಣೆಯ ವಿಷಯದಲ್ಲಿ ಕಾನೂನು ಏನನ್ನು ಒಪ್ಪುತ್ತದೆ, ಏನನ್ನು ಒಪ್ಪುವುದಿಲ್ಲ ಎಂಬುದೆಲ್ಲ ನನಗೆ ಸ್ಪಷ್ಟವಾದದ್ದು ಆ ತರಗತಿಯಲ್ಲಿಯೇ. ಕಡ್ಡಾಯವಲ್ಲ ಎಂದು ಅದನ್ನು ಬಿಟ್ಟವರನ್ನು ಕಂಡರೆ ನನಗೆ ಕಳವಳವಾಗುತ್ತದೆ.

ನಾನು ಮೊದಲು ಕೊಂಡದ್ದು 642 ಅಲ್ಲ. ಇಲ್ಲಿನ ಬಂದೂಕಿನ ಅಂಗಡಿಯೊಂದರಲ್ಲಿ ಕೌಂಟರಿನ ಹಿಂದೆ ನಿಂತಿದ್ದಾತ ನನ್ನ ಕೈ ನೋಡಿದವನೇ, ಹೆಂಗಸರಿಗೆ ಇದಕ್ಕಿಂತ ಒಳ್ಳೆಯದು ಮತ್ತೊಂದಿಲ್ಲವೆಂದು ಅತಿ ಹಗುರವಾದ ಮಿಶ್ರಲೋಹದ, .357 ಮ್ಯಾಗ್ನಮ್ ಎಂಬ ಬಿರುಸಾದ ತೋಟಾ ಹಾರಿಸಬಲ್ಲ ಒಂದು ರಿವಾಲ್ವರನ್ನು ನನ್ನ ಅಂಗೈಯಲ್ಲಿಟ್ಟ. ಅದು 350 ಗ್ರಾಂ ಕೂಡ ತೂಗುತ್ತಿರಲಿಲ್ಲ. ಕೈಯಲ್ಲಿ ಹೂವಿನಂತಿತ್ತು. ಜೊತೆಗೆ ಒಂದು ಪೆಟ್ಟಿಗೆ ಮ್ಯಾಗ್ನಮ್ ತೋಟಾಗಳನ್ನೂ ಕೊಟ್ಟು ಕಳಿಸಿದ. ಮರುದಿನ ರೇಂಜಿನಲ್ಲಿ ಮೊದಲ ಗುಂಡಿಗೇ ಹಿಡಿ ಅಂಗೈಯಲ್ಲಿ ತಿರುಗಿಹೋಯಿತು. ಐದನೆಯ ಗುಂಡಿನ ಹೊತ್ತಿಗೆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಚರ್ಮ ಕಿತ್ತು ರಕ್ತ ಬಂತು. ಗಾಯ ವಾರದಲ್ಲಿ ಮಾಗಿತು. ಆದರೆ ಟ್ರಿಗರ್ ಎಳೆಯುವ ಮುಂಚೆಯೇ ಕಣ್ಣು ಮುಚ್ಚುವ, ಮಣಿಕಟ್ಟು ಕೆಳಕ್ಕೆ ಜಗ್ಗುವ ಅಭ್ಯಾಸವೊಂದು ಅಂಟಿಕೊಂಡಿತು. ಅದನ್ನು ಬಿಡಿಸಿಕೊಳ್ಳಲು ನನಗೆ ಆರು ತಿಂಗಳು ಹಿಡಿಯಿತು.

ನಮ್ಮದು ತೀರ್ಥಹಳ್ಳಿಯ ಕಡೆ. ಮನೆಯಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಜೋಡುನಳಿಗೆ ಕೋವಿಯಿತ್ತು. ಪ್ರತಿ ಚುನಾವಣೆಗೂ ಅಪ್ಪಯ್ಯ ಅದನ್ನು ಬಟ್ಟೆಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ, ಫಲಿತಾಂಶ ಬಂದ ಮೇಲೆ ಬಿಡಿಸಿಕೊಂಡು ಬರುತ್ತಿದ್ದರು. ಭಾರದ ಕೋವಿ ಕಡಿಮೆ ಒದೆಯುತ್ತದೆ, ಹಗುರದ್ದು ಹೆಚ್ಚು ಒದೆಯುತ್ತದೆ ಎಂಬುದು ಅಲ್ಲಿ ಮಕ್ಕಳಿಗೂ ಗೊತ್ತಿದ್ದ ವಿಷಯ. ಅದನ್ನು ತಿಳಿದೂ ಅಂಗಡಿಯವನ ಮಾತಿಗೆ ತಲೆಯಾಡಿಸಿದ್ದು ನನ್ನ ತಪ್ಪು. ಗುಪ್ತವಾಗಿ ಒಯ್ಯುವ ರಿವಾಲ್ವರ್ ಆರಿಸುವಾಗ ಎಲ್ಲ ಲೆಕ್ಕಾಚಾರವೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ: ತೂಕ ಇಳಿದಷ್ಟೂ ದಿನವಿಡೀ ಒಯ್ಯುವುದು ಸುಲಭವಾಗುತ್ತದೆ, ಹಾರಿಸುವುದು ಕಷ್ಟವಾಗುತ್ತದೆ, ಹಾರಿಸುವುದು ಕಷ್ಟವಾದಷ್ಟೂ ಅಭ್ಯಾಸ ತಪ್ಪುತ್ತದೆ.

642ರ ತೂಕ ಸುಮಾರು 410 ಗ್ರಾಂ. ಐದು ತೋಟಾ ತುಂಬಿದರೂ ಅರ್ಧ ಕಿಲೋ ಮುಟ್ಟುವುದಿಲ್ಲ. ಅಲ್ಯೂಮಿನಿಯಂ ಮಿಶ್ರಲೋಹದ ಚೌಕಟ್ಟು, ತೋಟಾ ತುಂಬುವ ತುಕ್ಕು ಹಿಡಿಯದ ಉಕ್ಕಿನ ಸಿಲಿಂಡರ್, ಎರಡು ಇಂಚಿಗೂ ಚೂರು ಕಡಿಮೆಯಾದ ನಳಿಗೆ. ತುದಿಯಿಂದ ತುದಿಗೆ ಅಳೆದರೆ 16 ಸೆಂಟಿಮೀಟರ್. ಈ ವಂಶದ ಮೊದಲ ರಿವಾಲ್ವರ್ 1950ರಲ್ಲಿ ಬಂದಿತು. ಆ ವರ್ಷ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಸೇರಿದ್ದ ಪೊಲೀಸ್ ಮುಖ್ಯಸ್ಥರ ಸಮ್ಮೇಳನದಲ್ಲಿ ಅದನ್ನು ಪ್ರದರ್ಶಿಸಿದಾಗ ಅದಕ್ಕೆ ಚೀಫ್ಸ್ ಸ್ಪೆಷಲ್ ಎಂಬ ಹೆಸರು ಬಿತ್ತು. ಎರಡು ವರ್ಷಗಳ ನಂತರ, ಕಂಪನಿಯ ಶತಮಾನೋತ್ಸವದ ನೆನಪಿಗೆ, ಗುಂಡು ಹಾರಿಸಲು ಬಡಿಯುವ ಭಾಗವಾದ ಹ್ಯಾಮರನ್ನು ಪೂರ್ತಿಯಾಗಿ ಚೌಕಟ್ಟಿನ ಒಳಗೆ ಅಡಗಿಸಿದ ಸೆಂಟೆನಿಯಲ್ ಎಂಬ ರೂಪ ಬಂದಿತು. 1990ರಲ್ಲಿ ಹೊರಬಂದ 642 ಈ ಸೆಂಟೆನಿಯಲ್‌ನ ಮೊಮ್ಮಗಳು ಎನ್ನಬಹುದು. ಹ್ಯಾಮರ್ ಒಳಗಿರುವುದರಿಂದ ಜೇಬಿನಿಂದ ಎಳೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳುವ ಕೊಕ್ಕೆಯಂಥ ಭಾಗವೇ ಹೊರಗೆ ಇಲ್ಲ. ನನ್ನಂತೆ ಜೇಬಿನಲ್ಲಿ ಒಯ್ಯುವವರಿಗೆ ಇದೊಂದೇ ಗುಣ ಸಾಕು, ಹ್ಯಾಮರ್ ಹೊರಗಿರುವ ಮಾದರಿಗಳನ್ನು ಪಟ್ಟಿಯಿಂದ ತೆಗೆದುಹಾಕಲು.

ಹ್ಯಾಮರ್ ಎಳೆದಿಟ್ಟು ಹಗುರವಾಗಿ ಹಾರಿಸುವ ಅನುಕೂಲ ಇದರಲ್ಲಿಲ್ಲವಾದ್ದರಿಂದ ಪ್ರತಿ ಗುಂಡಿಗೂ ಟ್ರಿಗರನ್ನು ಉದ್ದಕ್ಕೆ, ಪೂರ್ತಿ ಎಳೆಯಲೇಬೇಕು. ಅದಕ್ಕೆ ಬೇಕಾದ ಬಲ ಸುಮಾರು 12 ಪೌಂಡ್, ಅಂದರೆ ಐದೂವರೆ ಕಿಲೋ ಹತ್ತಿರ. ಐದು ಕಿಲೋ ಅಕ್ಕಿಯ ಚೀಲದ ಕುಣಿಕೆಯನ್ನು ಒಂದೇ ತೋರುಬೆರಳಿನಿಂದ ಎತ್ತಿ ನೋಡಿದರೆ ಇದು ಏನೆಂದು ಅಂದಾಜಾಗುತ್ತದೆ. ಬಂದೂಕಿನ ತೂಕವೋ ಅರ್ಧ ಕಿಲೋ ಒಳಗೆ. ಅದರ ಹತ್ತು ಪಟ್ಟಿಗೂ ಹೆಚ್ಚಿನ ಬಲವನ್ನು ಒಂದು ಬೆರಳು ಹಾಕುವಾಗ ಉಳಿದ ಬೆರಳುಗಳು ಅದನ್ನು ಕದಲದಂತೆ ಹಿಡಿದಿರಬೇಕು. ಪುಟ್ಟ ರಿವಾಲ್ವರಿನಲ್ಲಿ ಗುಂಡು ದಾರಿ ತಪ್ಪುವುದು ನಳಿಗೆ ಗಿಡ್ಡವಾದ್ದರಿಂದ ಎಂದು ಹಲವರು ಹೇಳುತ್ತಾರೆ. ನನ್ನ ಅನುಭವದಲ್ಲಿ ನಳಿಗೆಯ ದೋಷ ಅತ್ಯಲ್ಪ. ಗುಂಡು ತಪ್ಪುವುದು ಈ ಎಳೆತದಲ್ಲಿ.

ಅದಕ್ಕೆ ನಾನು ಕಂಡುಕೊಂಡ ಮದ್ದು ಮನೆಯಲ್ಲಿಯೇ ಮಾಡುವ ಖಾಲಿ ಅಭ್ಯಾಸ. ತೋಟಾಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿ, ಸಿಲಿಂಡರ್ ತೆರೆದು ಐದೂ ಮನೆಗಳನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಎಣಿಸಿ, ಆಮೇಲೆ ಡಮ್ಮಿ ತೋಟಾ ಹಾಕಿಕೊಂಡು, ಇಟ್ಟಿಗೆಯ ಗೋಡೆಯತ್ತ ಗುರಿ ಹಿಡಿದು, ನಳಿಗೆಯ ಮೇಲೆ ಒಂದು ಡೈಮ್ ನಾಣ್ಯವಿಟ್ಟು ಅದು ಬೀಳದಂತೆ ಟ್ರಿಗರ್ ಎಳೆಯುತ್ತೇನೆ. ಮೊದಲ ವಾರ ಹತ್ತರಲ್ಲಿ ಒಂಬತ್ತು ಸಲ ನಾಣ್ಯ ನೆಲಕ್ಕೆ ಬೀಳುತ್ತಿತ್ತು. ಈಗ ಇಪ್ಪತ್ತು ಸಲ ಎಳೆದರೂ ನಿಂತಿರುತ್ತದೆ. ಟೆಕ್ಸಸ್ ಲೈಸೆನ್ಸಿನ ಪರೀಕ್ಷೆಯಲ್ಲಿ 3 ಗಜದಿಂದ 20, 7 ಗಜದಿಂದ 20, 15 ಗಜದಿಂದ 10, ಹೀಗೆ ಐವತ್ತು ಗುಂಡು ಹಾರಿಸಬೇಕು. 250 ಅಂಕಗಳಲ್ಲಿ 175 ಬಂದರೆ ಪಾಸು. ನಾನು ಅದನ್ನು 642ರಿಂದಲೇ ಮುಗಿಸಿದೆ. ಮೂರು ಮತ್ತು ಏಳು ಗಜಗಳಲ್ಲಿ ತೊಂದರೆಯಾಗಲಿಲ್ಲ. ಹದಿನೈದು ಗಜಕ್ಕೆ ಬಂದಾಗ ಗುರಿ ನೋಡಲೆಂದು ನಳಿಗೆಯ ತುದಿಯಲ್ಲಿರುವ ಬೂದುಬಣ್ಣದ ಚಿಕ್ಕ ಉಬ್ಬು, ಹಿಂದಿನ ಗೀರಿನಂಥ ಕಾಲುವೆಯಲ್ಲಿ ಕಾಣದೆ ಕರಗಿಹೋಗುತ್ತಿತ್ತು. ಆ ಉಬ್ಬಿಗೆ ಈಗ ಕಿತ್ತಳೆ ಬಣ್ಣದ ಉಗುರುಬಣ್ಣ ಹಚ್ಚಿದ್ದೇನೆ. ಸಂಜೆಯ ಬೆಳಕಿನಲ್ಲಿ ಅದರಿಂದ ಬಹಳ ಉಪಕಾರವಾಗಿದೆ. ಈ ಬೆಲೆಗೆ ಇದಕ್ಕಿಂತ ಸ್ಪಷ್ಟವಾದ ಗುರಿಸಾಧನವನ್ನು ಕಂಪನಿಯೇ ಕೊಡಬೇಕಿತ್ತು ಎಂಬುದು ನನ್ನ ದೃಢವಾದ ಆಕ್ಷೇಪ.

ತೋಟಾದ ಆಯ್ಕೆಯಲ್ಲಿ ಕೂಡ ತೂಕದ ಲೆಕ್ಕವೇ ಮುಂದೆ ಬರುತ್ತದೆ. 642 ಹಾರಿಸುವುದು .38 ಸ್ಪೆಷಲ್, 1898ರಷ್ಟು ಹಳೆಯ ತೋಟಾ ಅದು. .357 ಮ್ಯಾಗ್ನಮ್ ಅದರ ಉದ್ದನೆಯ ತಮ್ಮ. ಮೂರು ಮಿಲಿಮೀಟರಿನಷ್ಟು ಉದ್ದ ಹೆಚ್ಚಿರುವುದರಿಂದ ಈ ಸಿಲಿಂಡರಿಗೆ ಅದು ಕೂರುವುದಿಲ್ಲ. ಒತ್ತಡ ಹೆಚ್ಚಿಸಿದ ಪ್ಲಸ್ ಪಿ ತೋಟಾಗಳನ್ನು 642 ತಾಳುತ್ತದೆಯೆಂದು ನಳಿಗೆಯ ಮೇಲೆಯೇ ಅಚ್ಚಾಗಿದೆ. ಗಿಡ್ಡ ನಳಿಗೆಗೆಂದೇ ತಯಾರಾದ ಸ್ಪೀರ್ ಗೋಲ್ಡ್ ಡಾಟ್ 135 ಗ್ರೇನ್ (ಗುಂಡಿನ ತೂಕದ ಅಳತೆ) ಪ್ಲಸ್ ಪಿ ಬಹಳ ಹೆಸರುವಾಸಿ, ನಾನೂ ಎರಡು ಪೆಟ್ಟಿಗೆ ಹಾರಿಸಿ ನೋಡಿದೆ. ಮೊದಲ ಗುಂಡು ಸರಿಯಾಗಿ ಬೀಳುತ್ತಿತ್ತು. ಎರಡನೆಯದಕ್ಕೆ ಗುರಿ ಮತ್ತೆ ಕೂಡಿಸಲು ಒಂದು ಸೆಕೆಂಡಿಗಿಂತ ಹೆಚ್ಚು ಬೇಕಾಗುತ್ತಿತ್ತು. ಆದ್ದರಿಂದ ಈಗ ನಾನು ತುಂಬುವುದು 148 ಗ್ರೇನ್ ತೂಕದ, ಮುಂಭಾಗ ಚಪ್ಪಟೆಯಾಗಿರುವ ವಾಡ್‌ಕಟರ್. ಮೂಲತಃ ಕಾಗದದ ಗುರಿಗಳ ಮೇಲೆ ಸ್ಪರ್ಧೆಗೆ ಹಾರಿಸುವ ತೋಟಾ ಇದು, ಒದೆಯುವುದು ಬಹಳ ಕಡಿಮೆ. ತಾಕಿದಾಗ ಅರಳಿ ಅಗಲವಾಗಲೆಂದು ಮಾಡಿದ ಟೊಳ್ಳುಮೂತಿಯ ಗುಂಡುಗಳು ಗಿಡ್ಡ ನಳಿಗೆಯಿಂದ ಹೊರಟಾಗ ಹಲವು ಸಲ ವೇಗ ಸಾಲದೆ ಅರಳುವುದೇ ಇಲ್ಲ. ವಾಡ್‌ಕಟರ್ ಅರಳುವ ನೆಚ್ಚಿಕೆಯ ಮೇಲೆ ನಿಂತಿಲ್ಲ. ಇದನ್ನು ಒಪ್ಪದವರಿದ್ದಾರೆ. ಅವರ ಕೈ ನನ್ನದಕ್ಕಿಂತ ಬಲವಾಗಿದ್ದರೆ ಅವರ ಮಾತು ಅವರಿಗೆ ಸರಿ.

ವಾಡ್‌ಕಟರಿಗೆ ಒಂದು ದೋಷವೂ ಇದೆ. ಮೂತಿ ಚಪ್ಪಟೆಯಾದ್ದರಿಂದ ಅವಸರದಲ್ಲಿ ಸಿಲಿಂಡರಿನ ಅಂಚಿಗೆ ತಗುಲಿ ನಿಂತುಬಿಡುತ್ತದೆ. ಅದಕ್ಕಾಗಿ ಜೇಬಿನ ರಬ್ಬರ್ ಪಟ್ಟಿಯಲ್ಲಿ ಮರುಪೂರಣಕ್ಕೆಂದು ಇಟ್ಟುಕೊಳ್ಳುವ ಐದು ತೋಟಾಗಳು ಮಾತ್ರ ದುಂಡುಮೂತಿಯವು.

ತುಂಬುವುದಕ್ಕಿಂತ ತೆಗೆಯುವುದು ಇನ್ನೂ ಸೂಕ್ಷ್ಮ. ನಳಿಗೆ ಗಿಡ್ಡವಾದ್ದರಿಂದ ಅದರ ಕೆಳಗಿನ ಹೊರದೂಡುವ ಕಡ್ಡಿಯೂ ಗಿಡ್ಡ. ಅದು ಖಾಲಿ ಚಿಪ್ಪುಗಳನ್ನು ಪೂರ್ತಿ ಹೊರಗೆ ತಳ್ಳುವುದಿಲ್ಲ, ಮುಕ್ಕಾಲು ಪಾಲು ತಳ್ಳಿ ನಿಲ್ಲುತ್ತದೆ. ಮೆಲ್ಲಗೆ ಒತ್ತಿದರೆ ಒಂದೆರಡು ಚಿಪ್ಪು ಒಳಗೇ ಉಳಿಯುತ್ತವೆ. ನಳಿಗೆಯನ್ನು ಆಕಾಶಕ್ಕೆ ನೆಟ್ಟಗೆ ಹಿಡಿದು, ಅಂಗೈಯಿಂದ ಕಡ್ಡಿಗೆ ಒಂದೇ ಏಟು ಜೋರಾಗಿ ಕೊಟ್ಟರೆ ಐದೂ ಉದುರುತ್ತವೆ. ನಳಿಗೆ ಓರೆಯಾಗಿದ್ದರೆ ಸುಟ್ಟೂ ಸುಡದ ಮದ್ದಿನ ಚೂರುಗಳು ಚಿಪ್ಪುಗಳನ್ನು ಎತ್ತುವ ನಕ್ಷತ್ರದಾಕಾರದ ತಟ್ಟೆಯ ಅಡಿಗೆ ಸೇರಿಕೊಳ್ಳುತ್ತವೆ. ಒಮ್ಮೆ ರೇಂಜಿನಲ್ಲಿ ನನ್ನ ಸಿಲಿಂಡರ್ ಮುಚ್ಚಲೇ ಇಲ್ಲ. ಹೆಬ್ಬೆರಳಿನಿಂದ ಎಷ್ಟು ಒತ್ತಿದರೂ ಕೂದಲೆಳೆಯಷ್ಟು ಸಂದು ಉಳಿಯುತ್ತಿತ್ತು. ಕಡ್ಡಿ ಒತ್ತಿ ಹಿಡಿದು ಟಾರ್ಚ್ ಬಿಟ್ಟು ನೋಡಿದರೆ, ತಟ್ಟೆಯ ಅಡಿಯಲ್ಲಿ ರವೆಯ ಕಾಳಿಗಿಂತ ಚಿಕ್ಕದಾದ ಹಸಿರುಛಾಯೆಯ ಎರಡು ಚೂರುಗಳು. ಅಂದಿನಿಂದ ಹಳೆಯ ಹಲ್ಲುಜ್ಜುವ ಬ್ರಷ್ ಒಂದು ನನ್ನ ರೇಂಜಿನ ಚೀಲದಲ್ಲಿ ಇದ್ದೇ ಇದೆ. ರಿವಾಲ್ವರ್ ಎಂದೂ ಕೈಕೊಡುವುದಿಲ್ಲ ಎಂಬ ಮಾತನ್ನು ನಾನು ಈಗ ಯಾರಿಗೂ ಹೇಳುವುದಿಲ್ಲ. ಅದು ಅಪರೂಪಕ್ಕೆ ನಿಲ್ಲುತ್ತದೆ, ಆದರೆ ನಿಂತರೆ ನಿಂತಲ್ಲಿಯೇ ಸರಿಪಡಿಸುವುದು ಕಷ್ಟ.

642ರ ಎದುರು ನಿಲ್ಲಬಲ್ಲದ್ದು ರೂಗರ್ ಕಂಪನಿ 2009ರಲ್ಲಿ ತಂದ ಎಲ್‌ಸಿಆರ್. ತೂಕ ಸುಮಾರು 383 ಗ್ರಾಂ, ಅದಕ್ಕೂ ಐದೇ ಗುಂಡು, ಟ್ರಿಗರಿನ ಯಂತ್ರವನ್ನು ಹಿಡಿದಿರುವ ಕೆಳಭಾಗ ಪಾಲಿಮರಿನದು. ನಮ್ಮ ಯಜಮಾನರು ಒಯ್ಯುವುದು ಅದನ್ನೇ. ನೋಡಲು ಅಂದವಿಲ್ಲ, ಆದರೆ ಅದರ ಟ್ರಿಗರ್ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿ, ಎಣ್ಣೆ ಹಚ್ಚಿದಂತೆ ಜಾರಿಬರುತ್ತದೆ. ಪೆಟ್ಟಿಗೆಯಿಂದ ತೆಗೆದ ದಿನವೇ ಎಲ್‌ಸಿಆರ್ ಎಳೆತ ನನ್ನ 642ರ ಇಂದಿನ ಎಳೆತಕ್ಕಿಂತ ನಯವಾಗಿತ್ತು ಎಂಬುದನ್ನು ಒಪ್ಪಲೇಬೇಕು. ಅದರ ಮೆತ್ತನೆಯ ಹಿಡಿಯಿಂದ ಒದೆತವೂ ಕಡಿಮೆಯೆನಿಸುತ್ತದೆ. ಹಾಗಾದರೆ ನಾನೇಕೆ ಬದಲಾಯಿಸಲಿಲ್ಲ? ಎಲ್‌ಸಿಆರ್ ಟ್ರಿಗರನ್ನು ಮುಂದಕ್ಕೆ ಬಿಡುವಾಗ, ಪೂರ್ತಿ ಮುಂದೆ ಬರುವ ಮೊದಲೇ ಒಂದು ಸಣ್ಣ ಕ್ಲಿಕ್ ಬೆರಳಿಗೆ ತಾಕುತ್ತದೆ. ವೇಗವಾಗಿ ಹಾರಿಸುವಾಗ ನನ್ನ ಬೆರಳು ಆ ಕ್ಲಿಕ್ಕಿಗೇ ಮೋಸಹೋಗಿ ಮತ್ತೆ ಎಳೆಯಲು ಹೊರಟು ಅಲ್ಲಿಯೇ ಸಿಕ್ಕಿಕೊಳ್ಳುತ್ತಿತ್ತು. ಯಜಮಾನರಿಗೆ ಆ ತೊಂದರೆ ಒಮ್ಮೆಯೂ ಆಗಿಲ್ಲ. ಕೊಳ್ಳುವವರು ಎರಡನ್ನೂ ಬಾಡಿಗೆಗೆ ಕೊಡುವ ರೇಂಜೊಂದನ್ನು ಹುಡುಕಿ, ತಲಾ ಐವತ್ತು ಗುಂಡು ಹಾರಿಸಿ, ಬೆರಳು ಯಾವುದನ್ನು ಒಪ್ಪುತ್ತದೆಯೋ ಅದನ್ನು ತರಬೇಕು.

ಇಷ್ಟು ಕಷ್ಟಪಡುವ ಬದಲು ಪುಟ್ಟ ಪಿಸ್ತೂಲು ಏಕೆ ಬೇಡ ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದು. 2018ರಲ್ಲಿ ಬಂದ ಸಿಗ್ ಪಿ365 ಹೆಚ್ಚುಕಡಿಮೆ ಇದೇ ಉದ್ದದಲ್ಲಿ ಹತ್ತು ಗುಂಡು ಹಿಡಿಯುತ್ತದೆ, ಟ್ರಿಗರ್ ಹಗುರ, ಮತ್ತೆ ತುಂಬುವುದು ಕ್ಷಣದ ಕೆಲಸ. ಸೊಂಟದ ಬೆಲ್ಟಿನಲ್ಲಿ ಒಯ್ಯುವವರಾದರೆ ನಾನೂ ಅದನ್ನೇ ಹೇಳುತ್ತೇನೆ. ಹೆಂಗಸರಿಗೆ ರಿವಾಲ್ವರೇ ಸುಲಭ ಎಂಬ ಉಪದೇಶವನ್ನಂತೂ ದಯವಿಟ್ಟು ಯಾರೂ ನಂಬಬೇಡಿ. ಪಿಸ್ತೂಲಿನ ಜಾರುವ ಮೇಲ್ಭಾಗವಾದ ಸ್ಲೈಡ್ ಎಳೆಯುವುದನ್ನು ಬಲ್ಲವರೊಬ್ಬರು ಕಲಿಸಿದರೆ ಅರ್ಧ ಗಂಟೆಯಲ್ಲಿ ಬರುತ್ತದೆ; ಈ ಟ್ರಿಗರ್ ಅರ್ಧ ಗಂಟೆಯಲ್ಲಿ ಬರುವುದಿಲ್ಲ. ನಾನು ರಿವಾಲ್ವರಿನಲ್ಲಿ ಉಳಿದದ್ದಕ್ಕೆ ಕಾರಣ ನನ್ನ ಉಡುಪು ಮತ್ತು ನಾನು ಒಯ್ಯುವ ರೀತಿ. ಅಂಗಡಿ ಮುಚ್ಚುವಾಗ ತೊಡುವ ಸಡಿಲವಾದ ಜಾಕೆಟ್ಟಿನ ಜೇಬಿನೊಳಗೆ ಕೈಯಿಟ್ಟು, ಹಿಡಿಯನ್ನು ಸರಿಯಾಗಿ ಹಿಡಿದುಕೊಂಡೇ ನಾನು ಕಾರಿನವರೆಗೆ ನಡೆಯಬಹುದು. ನೋಡುವವರಿಗೆ ಜೇಬಿನಲ್ಲಿ ಕೈಯಿಟ್ಟು ನಡೆಯುವ ಹೆಂಗಸು ಮಾತ್ರ ಕಾಣುತ್ತಾಳೆ. ತೀರಾ ಅನಿವಾರ್ಯವಾದರೆ ಜೇಬಿನ ಒಳಗಿನಿಂದಲೇ ಹಾರಿಸಬಹುದು, ಹಿಂದೆ ಮುಂದೆ ಜಾರುವ ಸ್ಲೈಡ್ ಇಲ್ಲದ್ದರಿಂದ ಅದು ಬಟ್ಟೆಗೆ ಸಿಕ್ಕಿಕೊಳ್ಳುವುದಿಲ್ಲ. ಎದುರಿನವನ ಮೈಗೆ ನಳಿಗೆ ಒತ್ತಿದಾಗಲೂ ಇದು ಹಾರುತ್ತದೆ. ಹಲವು ಪಿಸ್ತೂಲುಗಳು ಹಾಗೆ ಒತ್ತಿದರೆ ಸ್ಲೈಡ್ ಹಿಂದೆ ಸರಿದು ಹಾರುವುದಿಲ್ಲ.

ಜೇಬಿನಲ್ಲಿ ಬರಿದೇ ಇಡುವಂತಿಲ್ಲ. ಟ್ರಿಗರನ್ನು ಪೂರ್ತಿ ಮುಚ್ಚುವ ಜೇಬಿನ ಹೋಲ್‌ಸ್ಟರ್ ಬೇಕು. ನನ್ನದು ಡಿಸ್ಯಾಂಟಿಸ್ ಕಂಪನಿಯ ನೆಮೆಸಿಸ್, ಹೊರಮೈ ಒರಟಾಗಿದ್ದು ಜೇಬಿನ ಬಟ್ಟೆಯನ್ನು ಕಚ್ಚಿಹಿಡಿಯುವುದರಿಂದ ಬಂದೂಕು ಒಂದೇ ಹೊರಬರುತ್ತದೆ. ಆ ಜೇಬಿನಲ್ಲಿ ಬೀಗದಕೈ, ಚಿಲ್ಲರೆ, ಲಿಪ್‌ಸ್ಟಿಕ್ ಯಾವುದೂ ಇರಕೂಡದು. ಕೈಚೀಲದಲ್ಲಿ ಇಟ್ಟುಕೊಳ್ಳುವುದನ್ನು ನಾನು ಖಂಡಿತವಾಗಿ ಬೇಡವೆನ್ನುತ್ತೇನೆ. ಕಳ್ಳನ ಕೈ ಮೊದಲು ಹೋಗುವುದೇ ಕೈಚೀಲಕ್ಕೆ. ಅದಕ್ಕಿಂತ ಮಿಗಿಲಾಗಿ, 2014ರ ಡಿಸೆಂಬರ್ 30ರಂದು ಐಡಹೊ ರಾಜ್ಯದ ಹೇಡನ್ ಊರಿನ ಅಂಗಡಿಯೊಂದರಲ್ಲಿ ಎರಡು ವರ್ಷದ ಮಗು ತಾಯಿಯ ಕೈಚೀಲದಿಂದ ಪಿಸ್ತೂಲು ತೆಗೆದು, ಅದು ಹಾರಿ, ತಾಯಿ ಅಲ್ಲಿಯೇ ತೀರಿಕೊಂಡಳು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಆಗ ನನ್ನ ಮಗನಿಗೂ ಎರಡು ವರ್ಷ.

ಟ್ರಿಗರ್ ಇಷ್ಟು ಬಿರುಸಾಗಿರುವಾಗ ಮಕ್ಕಳಿಂದ ಅಪಾಯವಿಲ್ಲ ಎಂದು ಯಾರಾದರೂ ಹೇಳಿದರೆ ಕೇಳಬಾರದು. ಮಗುವಿಗೆ ಎರಡು ಹೆಬ್ಬೆರಳುಗಳಿವೆ, ಒತ್ತಲು ನೆಲವಿದೆ. ಮನೆಗೆ ಬಂದ ಕೂಡಲೇ ನನ್ನ 642 ಮಂಚದ ಪಕ್ಕದ ಗೋಡೆಗೆ ಬೋಲ್ಟ್ ಮಾಡಿದ, ಗುಂಡಿಗಳನ್ನೊತ್ತಿ ತೆರೆಯುವ ಪುಟ್ಟ ಉಕ್ಕಿನ ಪೆಟ್ಟಿಗೆಗೆ ಹೋಗುತ್ತದೆ. ತುಂಬಿದ ಬಂದೂಕನ್ನು ಅಜಾಗರೂಕತೆಯಿಂದ ಇಟ್ಟು, ಅದು ಹದಿನೇಳು ವರ್ಷದೊಳಗಿನ ಮಕ್ಕಳ ಕೈಗೆ ಸಿಕ್ಕರೆ ಟೆಕ್ಸಸ್‌ನಲ್ಲಿ ಅಪರಾಧವೂ ಹೌದು. ಕಾರಿನಲ್ಲಿ ಬಿಟ್ಟುಬರುವ ಅಭ್ಯಾಸವಂತೂ ಕಳ್ಳರಿಗೆ ಬಂದೂಕು ಒದಗಿಸಿದಂತೆಯೇ.

ರಜೆಗೆ ಊರಿಗೆ ಹೋಗುವವರಿಗಾಗಿ ಇನ್ನೊಂದು ಎಚ್ಚರಿಕೆ. ರೇಂಜಿಗೆ ಒಯ್ಯುವ ಚೀಲವನ್ನು ಪ್ರಯಾಣಕ್ಕೆ ಎಂದೂ ಬಳಸಬೇಡಿ. ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟಾ ಬೆಂಗಳೂರಿನ ವಿಮಾನ ನಿಲ್ದಾಣದ ಎಕ್ಸ್-ರೇಯಲ್ಲಿ ಕಂಡರೆ ಭಾರತದ ಆಯುಧ ಕಾಯ್ದೆಯ ಕೆಳಗೆ ಮೊಕದ್ದಮೆ ಆಗಬಹುದು. ಮರೆತಿದ್ದೆ ಎಂಬ ಸಮಜಾಯಿಷಿ ಹೇಳಿ ಮುಗಿಸುವಷ್ಟರಲ್ಲಿ ರಜೆ ಕಳೆದಿರುತ್ತದೆ.

ನಾನು ಕೊಂಡಾಗ 642ರ ಬೆಲೆ ತೆರಿಗೆ ಬಿಟ್ಟು 459 ಡಾಲರ್. ಒಳಬೀಗ ಇರುವುದು, ಇಲ್ಲದ್ದು ಎಂದು ಎರಡು ಬಗೆಯಲ್ಲಿ ಸಿಗುತ್ತದೆ. ಎಡಬದಿಯಲ್ಲಿ ಸಿಲಿಂಡರ್ ತೆರೆಯುವ ಗುಬ್ಬಿಗಿಂತ ತುಸು ಮೇಲಕ್ಕೆ ಸಣ್ಣ ಬೀಗದ ತೂತು ಕಂಡರೆ ಅದು ಬೀಗವಿರುವುದು. ಒಳಗೆ ಕೆಡಬಹುದಾದ ಭಾಗ ಒಂದು ಕಡಿಮೆಯಿರಲೆಂದು ನಾನು ಬೀಗವಿಲ್ಲದ್ದನ್ನೇ ತಂದೆ. ಕಾರ್ಖಾನೆಯಿಂದ ಬಂದ ಪುಟ್ಟ ಹಿಡಿಯಲ್ಲಿ ಕಿರುಬೆರಳಿಗೆ ಜಾಗವೇ ಇರುವುದಿಲ್ಲ. ರೇಂಜಿಗೆ ಹೋಗುವಾಗ ಉದ್ದನೆಯ ರಬ್ಬರ್ ಹಿಡಿ ಹಾಕುತ್ತೇನೆ, ಅಂಗಡಿಗೆ ಹೋಗುವಾಗ ಹಳೆಯದನ್ನು. ಒಂದೇ ಸ್ಕ್ರೂ, ಎರಡು ನಿಮಿಷದ ಕೆಲಸ. ಚೌಕಟ್ಟಿನ ಮೇಲಿನ ಬೆಳ್ಳಿಬಣ್ಣದ ಲೇಪ ಹಿಡಿಯ ಹತ್ತಿರ, ಹ್ಯೂಸ್ಟನ್ನಿನ ಬೇಸಿಗೆಯ ಬೆವರು ತಾಕುವ ಕಡೆ, ಎರಡನೆಯ ವರ್ಷಕ್ಕೇ ಗುಳ್ಳೆಯೆದ್ದು ಉದುರಲಾರಂಭಿಸಿದೆ. ಕೆಲಸಕ್ಕೆ ಅದರಿಂದ ಬಾಧಕವಿಲ್ಲ. ಮೊದಲ ಐದು ಗುಂಡಿಗೇ ನನ್ನ ಕೈ ಕೊಯ್ದ ಆ ಹಗುರ ರಿವಾಲ್ವರನ್ನು, ಕೊಂಡ ಬೆಲೆಯ ಅರ್ಧಕ್ಕಿಂತ ತುಸು ಹೆಚ್ಚಿಗೆ ಮರಳಿ ಮಾರಿದೆ; ಆ ಹಣದಲ್ಲಿ ಬಂದ ವಾಡ್‌ಕಟರ್ ಪೆಟ್ಟಿಗೆಗಳಲ್ಲಿ ಕೊನೆಯದು ಕಳೆದ ಭಾನುವಾರ ಮುಗಿಯಿತು.